ಇನ್ನೂರ ಎಂಬತ್ತೊಂದು ವರ್ಷದ ವರ

ಕಂಪ್ಯೂಟರಿಗೆ ಒಂದು ಹೇಳಿದರೆ ಅದು ಇನ್ನೊಂದು ಮಾಡುತ್ತದೆ ಎಂದು ಜನ ದೂರುತ್ತಾರೆ. ನನ್ನ ಅನುಭವ ಹಾಗಿಲ್ಲ. ನಾನು ಹೇಳಿದ್ದನ್ನು ಅದು ಹೇಳಿದ ಹಾಗೇ ಮಾಡಿದೆ. ನಾಲ್ಕು ಜನರ ಮುಂದೆ ನಾನು ತಲೆ ತಗ್ಗಿಸಿದ್ದೆಲ್ಲ ಅದರಿಂದಲೇ. ಇಂಥವು ಒಂದಾದ ಮೇಲೊಂದು ಆಗುತ್ತಲೇ ಇರುವುದರಿಂದ, ಮರೆಯುವ ಮುಂಚೆ ಕೆಲವನ್ನು ಬರೆದಿಡುತ್ತಿದ್ದೇನೆ.

ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಪೇಂಟ್ ಅಂಗಡಿಯ ಮಹಡಿ ಮೇಲೆ ನಾನು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಈ ಪ್ರಸಂಗಗಳೆಲ್ಲ ನಡೆಯುವ ಕಾಲಕ್ಕೆ ನನಗೆ ಮೂವತ್ತಾರು ವರ್ಷ, ಮದುವೆ ಆಗಿರಲಿಲ್ಲ. ಅಮ್ಮ ಕುಣಿಗಲ್‌ನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅವಳಿಗೆ ನನ್ನಿಂದ ಬೇಕಾಗಿದ್ದು ಒಂದೇ, ಸೊಸೆ. ನನಗೂ ಬೇಕಾಗಿತ್ತು. ಮೆಸ್ಸಿನ ಸಾರು ತಿಂದು ಸಾಕಾಗಿತ್ತು, ಆಡಿದ ಮಾತಿಗೆ ತಿರುಗಿ ಮಾತಾಡುವವರು ರೂಮಿನಲ್ಲಿ ಒಬ್ಬರೂ ಇರಲಿಲ್ಲ.

ಗುಬ್ಬಿಯಲ್ಲಿರುವ ನನ್ನ ಸೋದರಮಾವ ನಿವೃತ್ತ ಹೆಡ್‌ಮಾಸ್ಟರ್. ಮನೆಯ ಮುಂದಿನ ರೂಮಿನಲ್ಲಿ ವಧು-ವರರ ಕೇಂದ್ರ ನಡೆಸುತ್ತಾರೆ. ಮಾವನಿಗೆ ಇಬ್ಬರೂ ಗಂಡುಮಕ್ಕಳು. ಒಬ್ಬ ಮಗಳಿದ್ದಿದ್ದರೆ ನನ್ನ ಕಥೆ ಅಲ್ಲೇ ಮುಗಿದಿರೋದು. ನಾಲ್ಕು ವರ್ಷದ ಹಿಂದೆ ಅವರು ನನ್ನ ಕರೆದು, "ನನ್ನ ಕೇಂದ್ರಾನ ಕಂಪ್ಯೂಟರ್‌ಗೆ ಹಾಕ್ಕೊಡು ಅಳಿಯ, ನಾನು ನಿಂಗೆ ಹೆಣ್ಣು ಹುಡುಕ್ಕೊಡ್ತೀನಿ" ಅಂದರು. ನಾನು ಒಪ್ಪಿದೆ. ಎರಡೇ ತಿಂಗಳಲ್ಲಿ ಸಾಫ್ಟ್‌ವೇರ್ ಬರೆದುಕೊಟ್ಟೆ, ಅದರಲ್ಲಿ ನನ್ನ ವಿವರವನ್ನೂ ತುಂಬಿದೆ. ಅಲ್ಲಿಂದಾಚೆ ಆ ಸಾಫ್ಟ್‌ವೇರಿನಿಂದ ಎಷ್ಟೋ ಮದುವೆಗಳು ಕುದುರಿದವು. ಬರೆದವನದೊಂದು ಬಿಟ್ಟು.

೧. ತಲೆಗೆ ತಾಗುವ ಬಾಗಿಲು

ಸಾಫ್ಟ್‌ವೇರ್ ಅಂದರೆ ಸಾಲಾಗಿ ಜೋಡಿಸಿದ ಡಬ್ಬಿಗಳು ಅಂದುಕೊಳ್ಳಿ. ಹೆಸರಿಗೊಂದು, ವಯಸ್ಸಿಗೊಂದು, ಎತ್ತರಕ್ಕೊಂದು. ನಾನು ಅದನ್ನು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದಿದ್ದೆ. ಆ ಭಾಷೆಯಲ್ಲಿ ಯಾವ ಡಬ್ಬಿಗೆ ಏನು ಹಾಕುತ್ತೇವೆ ಎಂದು ಮೊದಲೇ ಹೇಳಬೇಕಾಗಿಲ್ಲ. ಅಕ್ಕಿ ಸುರಿದರೂ ತಗೊಳ್ಳುತ್ತದೆ, ಮೊಳೆ ಸುರಿದರೂ ತಗೊಳ್ಳುತ್ತದೆ. ನನಗೆ ಅದರಲ್ಲಿ ಇಷ್ಟವಾಗಿದ್ದೇ ಆ ದೊಡ್ಡ ಮನಸ್ಸು.

ಮಾವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಉಕ್ತಲೇಖನ ಕೊಟ್ಟವರು. ಈಗ ಜನ ಹೇಳುತ್ತಾರೆ, ಅವರು ಎರಡು ಬೆರಳಲ್ಲಿ ಕುಟ್ಟಿಕೊಳ್ಳುತ್ತಾರೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಒಂದು ಭಾನುವಾರ ಗುಬ್ಬಿಗೆ ಹೋದವನು ಎತ್ತರದ ಡಬ್ಬಿಗಳನ್ನು ತೆರೆದು ನೋಡಿದೆ. ಒಂದರಲ್ಲಿ "ಅವರ ದೊಡ್ಡಪ್ಪನಿಗಿಂತ ಒಂದು ಗೇಣು ಕಮ್ಮಿ" ಎಂದಿತ್ತು. ಇನ್ನೊಂದರಲ್ಲಿ "ಕೂತರೆ ಗೊತ್ತಾಗಲ್ಲ". ತೂಕದ ಡಬ್ಬಿಯಲ್ಲಿ "ಜ್ವರ ಬಂದು ಇಳಿದಿದ್ದಾನೆ, ಸರಿ ಹೋಗ್ತಾನೆ" ಎಂದಿತ್ತು.

"ಮಾವ, ಎತ್ತರದಲ್ಲಿ ಅಂಕಿ ಹಾಕ್ಬೇಕು" ಅಂದೆ.

"ಅವರು ಅಂಕಿ ಹೇಳ್ಲಿಲ್ಲ ಕಣೋ. ಹೇಳದೇ ಇರೋದನ್ನ ನಾನು ಹೆಂಗ್ ಬರೀಲಿ?"

ಇದರಿಂದ ಆಗುವ ತೊಂದರೆ ಏನೆಂದರೆ, ಹೆಣ್ಣಿನ ಕಡೆಯವರು ಐದೂವರೆ ಅಡಿಗಿಂತ ಎತ್ತರದ ಹುಡುಗ ಬೇಕು ಎಂದಾಗ ಯಂತ್ರ ಎಲ್ಲರ ಎತ್ತರವನ್ನೂ ಐದೂವರೆಯ ಪಕ್ಕ ಇಟ್ಟು ನೋಡುತ್ತದೆ. ಅಂಕಿ ಇದ್ದರೆ ಸರಿ. ವಾಕ್ಯ ಇದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ, ತಿಳಿಯಲಿಲ್ಲ ಎಂದು ಹೇಳುವುದೂ ಇಲ್ಲ, ಆ ಹುಡುಗನನ್ನು ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಹಾಗೆ ಬಿಟ್ಟುಹೋದವರಲ್ಲಿ ಬಹುಶಃ ಇಡೀ ತಾಲ್ಲೂಕಿಗೇ ಎತ್ತರದ ಹುಡುಗ ಒಬ್ಬನಿದ್ದ. ಅವರಪ್ಪ ಹೇಳಿ ಬರೆಸಿದ್ದು "ಬಾಗಿಲಿಗೆ ತಲೆ ತಾಗುತ್ತೆ" ಅಂತ. ಒಂದು ವರ್ಷದಿಂದ ಅವನ ಹೆಸರು ಯಾರ ಪಟ್ಟಿಯಲ್ಲೂ ಬಂದಿರಲಿಲ್ಲ.

ನಾನು ಅವರಪ್ಪನಿಗೆ ಫೋನ್ ಮಾಡಿ, ಎತ್ತರ ತಪ್ಪಾಗಿದೆ, ಬಂದು ಸರಿಮಾಡಿಸಿ ಅಂದೆ. ಮನುಷ್ಯ ಅವತ್ತೇ ಬಂದರು. ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: "ಹೌದು ಸಾರ್, ತಪ್ಪಾಗೈತೆ. ಬಾಗಿಲು ತೆಗ್ಸಿ ದೊಡ್ಡದು ಇಡ್ಸಿದೀವಿ. ಈಗ ತಾಗಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡು, ಹಳೆಯದನ್ನು ಅಳಿಸಿ, "ಈಗ ತಾಗಲ್ಲ" ಎಂದು ಬರೆದುಕೊಂಡರು.

೨. ಉಗಾದಿಗೆ ಒಂದು ವರ್ಷ

ನಮ್ಮ ಕಡೆ ಹಳೆಯ ಜನಕ್ಕೆ ಎರಡು ಹುಟ್ಟಿದ ದಿನ. ಒಂದು ನಿಜವಾದದ್ದು, ಅದು ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಹಾಗೆ ಬರೆದ ಮೇಷ್ಟ್ರುಗಳಲ್ಲಿ ನಮ್ಮ ಮಾವನೂ ಒಬ್ಬರಾದ್ದರಿಂದ ಅವರಿಗೆ ಜನ್ಮದಿನಾಂಕದ ಮೇಲೆ ನಂಬಿಕೆ ಇಲ್ಲ. "ದಿನಾಂಕ ಬೇಡ. ವಯಸ್ಸು ಬರ್ಕೊಳ್ಳೋಣ, ಉಗಾದಿಗೆ ಎಲ್ರಿಗೂ ಒಂದೊಂದು ವರ್ಷ ಸೇರಿಸೋಣ" ಅಂದರು. ಮೂರು ಉಗಾದಿ ಅವರೇ ಕೈಯಲ್ಲಿ ಒಬ್ಬೊಬ್ಬರದೂ ತಿದ್ದಿ ಸುಸ್ತಾದರು, ನಾಲ್ಕನೆಯದಕ್ಕೆ ನಾನು ಅದನ್ನು ಪ್ರೋಗ್ರಾಮಿಗೇ ಬರೆದೆ. ಉಗಾದಿ ದಿನ ವಯಸ್ಸಿನ ಡಬ್ಬಿಗೆ ಒಂದು ಕೂಡಿಸು.

ಉಗಾದಿ ಕಳೆದು ಮೂರನೇ ದಿನ ನಾನು ಗುಬ್ಬಿಯಲ್ಲಿದ್ದೆ. ಕೊಬ್ಬರಿ ವ್ಯಾಪಾರ ಮಾಡುವವರೊಬ್ಬರು ಮಗಳಿಗೆ ಗಂಡು ಕೇಳಲು ಬಂದಿದ್ದರು. ಮಾವ ಹಾಜರಿ ಕರೆಯುವ ಧಾಟಿಯಲ್ಲಿ ಪಟ್ಟಿ ಓದಿದರು.

"ಮೊದಲನೇ ಹುಡುಗ. ಬಿ.ಕಾಂ. ವಯಸ್ಸು ಮುನ್ನೂರ ಒಂದು. ಎರಡನೇ ಹುಡುಗ. ಡಿಪ್ಲೊಮಾ. ವಯಸ್ಸು ಮುನ್ನೂರ ಇಪ್ಪತ್ತೊಂದು. ಮೂರನೇ ಹುಡುಗ. ವಯಸ್ಸು ಇನ್ನೂರ ಎಂಬತ್ತೊಂದು."

ನನಗೆ ಅಲ್ಲೇ ಗೊತ್ತಾಯಿತು ಏನಾಗಿದೆ ಅಂತ. ಮಾವ ಕುಟ್ಟಿದ ಇಪ್ಪತ್ತೆಂಟು ಯಂತ್ರಕ್ಕೆ ಅಂಕಿಯಾಗಿ ಹೋಗಿರಲಿಲ್ಲ, ಬರೀ ಎರಡು ಅಕ್ಷರವಾಗಿ ಹೋಗಿತ್ತು. ಅಂಕಿಗೆ ಒಂದು ಕೂಡಿಸು ಅಂದರೆ ಯಂತ್ರ ಕೂಡಿಸುತ್ತದೆ. ಅಕ್ಷರಕ್ಕೆ ಕೂಡಿಸು ಅಂದರೆ ಪಕ್ಕಕ್ಕೆ ಅಂಟಿಸುತ್ತದೆ. ಎರಡು, ಎಂಟು, ಅದರ ಪಕ್ಕ ಒಂದು.

ನಾನು ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರಿಗಳು ಕೇಳಿದರು: "ಇನ್ನೂರ ಎಂಬತ್ತೊಂದು. ಸ್ವಲ್ಪ ಜಾಸ್ತಿ ಆಗಲ್ವಾ ಮೇಷ್ಟ್ರೇ?"

"ಇರೋರಲ್ಲಿ ಇವನೇ ಚಿಕ್ಕವನು" ಅಂದರು ಮಾವ.

"ಕೆಲಸ ಏನು?"

"ಸರ್ಕಾರಿ. ಪರ್ಮನೆಂಟು."

ವ್ಯಾಪಾರಿಗಳು ಒಂದು ಗಳಿಗೆ ಯೋಚನೆ ಮಾಡಿದರು. "ಹಂಗಾದ್ರೆ ನೋಡಬೋದು" ಅಂದರು.

೩. ಬ್ಲೌಸಿನ ಅಳತೆ

ವಯಸ್ಸಿನ ಡಬ್ಬಿಗೆ ಒಂದು ತೇಪೆ ಹಾಕಿ ಸರಿಮಾಡಿದೆ. ಉಳಿದ ಡಬ್ಬಿಗಳನ್ನು ಮುಟ್ಟಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅದೇ ವಾರ ನನ್ನ ತರಗತಿಯಲ್ಲಿ ಪಾಠ ಇದೇ ವಿಷಯಕ್ಕೆ ಬಂತು. ಕೆಲವು ಭಾಷೆಗಳಲ್ಲಿ ಪ್ರತಿ ಡಬ್ಬಿಯ ಮೇಲೂ ಒಳಗೆ ಎಂಥದ್ದು ಬರುತ್ತದೆ ಎಂದು ಮೊದಲೇ ಬರೆಯಬೇಕು. ಅಂಕಿಯೋ, ಅಕ್ಷರವೋ, ಹೌದು-ಇಲ್ಲವೋ. ಬರೆದಾದ ಮೇಲೆ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಅಂಕಿಯ ಡಬ್ಬಿಗೆ ಅಕ್ಷರ ಸುರಿದಿದ್ದರೂ ಯಂತ್ರ ಅದನ್ನು ಓಡಿಸುವ ಮುಂಚೆಯೇ ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಸ್ಟಾಟಿಕ್ ಟೈಪಿಂಗ್ ಅನ್ನುತ್ತಾರೆ. ನಾನು ಇಷ್ಟನ್ನು ಹೇಳಿ, "ಒಂದು ಲೋಟ ನೀರು ಕುಡಿಯೋಕೆ ಮೂರು ಪ್ರತಿ ಅರ್ಜಿ ಹಾಕಿದ ಹಾಗೆ. ನಮ್ಮ ಭಾಷೇಲಿ ಆ ರಗಳೆ ಇಲ್ಲ. ಮೊದಲು ಓಡಿಸೋದು, ಆಮೇಲೆ ನೋಡ್ಕೊಳ್ಳೋದು" ಅಂದೆ. ನನಗೆ ಆ ಮಾತು ಚೆನ್ನಾಗಿ ಬಂತು ಅನ್ನಿಸಿತ್ತು.

ಮುಂದಿನ ಬೆಂಚಿನಲ್ಲಿ ಐವತ್ತರ ಹತ್ತಿರದ ಒಬ್ಬ ಟೈಲರಮ್ಮ ಕೂರುತ್ತಿದ್ದರು. ಶಿರಾ ಗೇಟ್‌ನಲ್ಲೇ ಅವರ ಬ್ಲೌಸಿನ ಅಂಗಡಿ. ಗಿರಾಕಿಗಳ ಅಳತೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರೋಗ್ರಾಮಿಂಗ್ ಕಲಿಯಲು ಬಂದಿದ್ದರು. ಅವರು ಕೈ ಎತ್ತಿದರು.

"ಸಾರ್, ಅಂದ್ರೆ ನಿಮ್ಮ ಭಾಷೇಲಿ ಬ್ಲೌಸು ಹೊಲಿದು ಕೊಟ್ಬಿಡೋದು. ಆಯಮ್ಮ ಮದುವೆ ದಿನ ಹಾಕ್ಕೊಂಡ್ ಮೇಲೆ ಆಗುತ್ತೋ ಇಲ್ವೋ ಗೊತ್ತಾಗೋದು."

"ಸುಮಾರಾಗಿ ಆಗುತ್ತಮ್ಮ."

"ಆಗದಿದ್ರೆ?"

"ಆಗ ಬಿಚ್ಚಿ ಸರಿ ಮಾಡೋದು."

"ಛತ್ರದಲ್ಲಾ?"

ಹಿಂದಿನ ಬೆಂಚಿನವರು ನಗಲು ಶುರುಮಾಡಿದರು. ನಾನು ಬೋರ್ಡ್ ಒರೆಸಿದೆ. ಅವರು ಪುಸ್ತಕ ಮುಚ್ಚಿ, ಯಾವ ಕೆಟ್ಟ ಭಾವವೂ ಇಲ್ಲದೆ ಕೇಳಿದರು: "ಸಾರ್, ನಿಮಗೆ ಮದುವೆ ಆಗಿದ್ಯಾ?"

"ಇಲ್ಲಮ್ಮ."

"ಹ್ಞೂಂ" ಅಂದರು.

೪. ಸುಳ್ಳು ಹಿಡಿಯುವ ಭಾಷೆ

ಆ "ಹ್ಞೂಂ" ನನ್ನನ್ನು ಎರಡು ದಿನ ಕಾಡಿತು. ಮುಂದಿನ ಭಾನುವಾರ ಮಾವನಿಗೆ ನಾನೇ ಹೇಳಿದೆ, ಮೊದಲೇ ಪರೀಕ್ಷೆ ಮಾಡುವ ಭಾಷೆಗಳಿವೆ, ಬೇಕಾದರೆ ಸಾಫ್ಟ್‌ವೇರನ್ನು ಅದರಲ್ಲಿ ಬೇರೆ ಬರೆಯುತ್ತೇನೆ ಅಂತ. ಮಾವ ಕಾಫಿ ಲೋಟ ಕೆಳಗಿಟ್ಟರು. ಮುಖದ ಮೇಲೆ ಚಿಂತೆ ಕಾಣಿಸಿತು.

"ವಯಸ್ಸನ್ನೂ ಪರೀಕ್ಷೆ ಮಾಡುತ್ತಾ?"

"ಮಾಡುತ್ತೆ ಮಾವ."

"ಹುಡುಗನಿಗೆ ನಲವತ್ತೊಂದು ಅಂತ ಇಟ್ಕೋ. ಅವರಪ್ಪ ಮೂವತ್ತಮೂರು ಅಂತ ಬರೆಸ್ತಾನೆ. ಹಿಡಿಯುತ್ತಾ?"

"ಇಲ್ಲ. ಮೂವತ್ತಮೂರೂ ಅಂಕಿನೇ ಅಲ್ವಾ? ಅಂಕಿ ಇರೋ ಕಡೆ ಅಂಕಿ ಇದೆಯಾ ಅಂತ ಅಷ್ಟೇ ನೋಡೋದು. ನಿಜವೋ ಸುಳ್ಳೋ ಅಂತ ಅದಕ್ಕೆ ಗೊತ್ತಾಗಲ್ಲ."

ಮಾವ ಮತ್ತೆ ಲೋಟ ಎತ್ತಿಕೊಂಡರು. "ಸದ್ಯ. ಸುಳ್ಳು ಹಿಡಿಯೋಕೆ ಶುರು ಮಾಡಿದ್ರೆ ಕೇಂದ್ರ ಮುಚ್ಚಬೇಕಾಗ್ತಿತ್ತು. ಈಗಿರೋದೇ ಚೆನ್ನಾಗಿದೆ, ಬಿಡು."

ನಾನೂ ಬಿಟ್ಟೆ. ನನಗೂ ಬೇಕಾಗಿದ್ದು ಅದೇ.

೫. ಕ್ಯಾಂಟೀನಿನಲ್ಲಿ ಒಂದು ಸಮಾಧಾನ

ಇಷ್ಟರ ಮಧ್ಯೆ ನನ್ನ ಹೆಣ್ಣು ಹುಡುಕುವ ಕೆಲಸ ವಿಚಿತ್ರವಾಗಿ ಸಾಗುತ್ತಿತ್ತು. ಸಾಫ್ಟ್‌ವೇರ್ ನನ್ನ ವಿವರವನ್ನು ಹೆಣ್ಣಿನ ಕಡೆಯವರ ಫೋನಿಗೆ ತಾನೇ ಕಳಿಸುತ್ತಿತ್ತು. ಕಳಿಸಿದ ಹಾಳೆ ಹೇಗಿರುತ್ತದೆ ಎಂದು ಮಾವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹೆಣ್ಣಿನ ಕಡೆಯವರು ಫೋನ್ ಮಾಡಿ ಮಾವನ ಹತ್ತಿರ ನನ್ನ ಕೆಲಸ, ಮನೆತನ ಎಲ್ಲ ವಿಚಾರಿಸುತ್ತಿದ್ದರು. ಕೊನೆಗೆ ಮೆಲ್ಲಗೆ, "ಪಾಪ, ಹುಡುಗ ಈಗ ಸುಧಾರಿಸ್ಕೊಂಡಿದ್ದಾನಾ?" ಅನ್ನುತ್ತಿದ್ದರು. ನನಗೆ ಹಿಂದೆ ಡೆಂಗಿ ಬಂದಿತ್ತು. ಮಾವ "ಸಂಪೂರ್ಣ ಸುಧಾರಿಸ್ಕೊಂಡಿದ್ದಾನೆ" ಅನ್ನುತ್ತಿದ್ದರು. ಆ ಕಡೆಯವರು ಫೋನ್ ಇಡುತ್ತಿದ್ದರು, ಮತ್ತೆ ಮಾಡುತ್ತಿರಲಿಲ್ಲ.

ಕುಣಿಗಲ್‌ನಿಂದ ಅಮ್ಮ ಪ್ರತಿ ಸೋಮವಾರ ಯಡಿಯೂರಿನ ದೇವಸ್ಥಾನಕ್ಕೆ ಹೋಗುತ್ತಾಳೆ. ಅಲ್ಲಿ ಪರಿಚಯದ ಹೆಂಗಸರು ಅವಳ ಕೈ ಹಿಡಿದು, "ಧೈರ್ಯವಾಗಿರಿ, ಇನ್ನೂ ವಯಸ್ಸಿದೆ ಅವನಿಗೆ" ಎನ್ನತೊಡಗಿದರು. ಅಮ್ಮ ನನಗೆ ಫೋನಿನಲ್ಲಿ ಕೇಳಿದಳು: "ಮದುವೆ ಆಗ್ದೇ ಇರೋದಕ್ಕೆ ಇಷ್ಟೊಂದ್ ಧೈರ್ಯ ಯಾಕ್ಲಾ ಬೇಕು?"

ಕೊನೆಗೊಂದು ಸಂಬಂಧ ಮಾತುಕತೆಯವರೆಗೂ ಬಂತು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮೊದಲ ಮದುವೆ ಮುರಿದಿತ್ತು, ಒಬ್ಬಳು ಮಗಳಿದ್ದಳು. ಮೊದಲು ನಾವಿಬ್ಬರೇ ಮಾತಾಡೋಣ ಎಂದು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದಿದ್ದರು. ಮರ್ಯಾದಸ್ಥ ಹೆಣ್ಣು, ನೇರವಾದ ಮಾತು. ನನಗೆ ಅವರನ್ನು ಕಂಡ ಕೂಡಲೇ ಗೌರವ ಬಂತು. ತಮ್ಮ ಕಥೆಯನ್ನು ಮರೆಮಾಚದೆ ಹೇಳಿ, "ಈಗ ನಿಮ್ಮದು ಹೇಳಿ. ಯಾಕೆ ಮುರೀತು?" ಅಂದರು.

"ಏನು ಮುರೀತು?"

"ಮದುವೆ."

"ನನಗೆ ಮದುವೇನೇ ಆಗಿಲ್ಲ."

ಅವರು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದರು. "ನಮ್ಮೆಜಮಾನ್ರೂ ಹಿಂಗೇ ಹೇಳ್ಕೊಂಡು ಓಡಾಡ್ತಿದಾರೆ" ಅಂದರು.

ನನಗೆ ಅನುಮಾನ ಬಂತು. ಬಸ್ಸು ಹಿಡಿದು ಗುಬ್ಬಿಗೆ ಹೋಗಿ, ನನ್ನ ವಿವರ ತೆರೆಸಿ, "ಈ ಹಿಂದೆ ಮದುವೆ ಆಗಿತ್ತೇ?" ಎಂಬ ಡಬ್ಬಿಯನ್ನು ನೋಡಿದೆ. ಅಲ್ಲಿ ನಾನೇ ನಾಲ್ಕು ವರ್ಷದ ಹಿಂದೆ ತುಂಬಿದ್ದು ಸ್ಪಷ್ಟವಾಗಿತ್ತು: "ಇಲ್ಲ". ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಆದರೂ ಇರಲಿ ಎಂದು ಅದರ ಮುಂದೆ "ಖಂಡಿತವಾಗಿಯೂ ಇಲ್ಲ" ಎಂದು ಸೇರಿಸಿ ಬಂದೆ.

ಹೊರಡುವಾಗ ಮಾವ ಬೇಜಾರಿನಲ್ಲಿದ್ದರು. ನಿವೃತ್ತ ಮೇಷ್ಟ್ರುಗಳ ಸಂಘದ ಸಭೆಯಲ್ಲಿ ಮುರಿಯುತ್ತಿರುವ ಮದುವೆಗಳ ಬಗ್ಗೆ ಭಾಷಣ ಮಾಡಿ ಬಂದಿದ್ದರಂತೆ. "ಕಾಲ ಕೆಟ್ಟೋಗಿದೆ ಕಣೋ. ನಿನ್ನ ಸಾಫ್ಟ್‌ವೇರೇ ಲೆಕ್ಕ ತೋರಿಸ್ತಿದೆ. ನಮ್ಮ ಕೇಂದ್ರದಲ್ಲಿರೋ ಹುಡುಗರಲ್ಲಿ ಬಹುಪಾಲು ಎರಡನೇ ಸಂಬಂಧದವರೇ. ಒಂದು ಮದುವೇನೂ ನಿಲ್ತಿಲ್ಲ."

ನಾನೂ ಹೌದು ಮಾವ, ಕಾಲ ಕೆಟ್ಟಿದೆ ಅಂದೆ.

೬. ಬೆಳ್ಳಾವಿಯ ಅಜ್ಜಿ

ಇದಾದ ಎರಡು ತಿಂಗಳಿಗೆ ಬೆಳ್ಳಾವಿಯಿಂದ ಒಂದು ಸಂಬಂಧ ಬಂತು. ಹುಡುಗಿಗೆ ಮೂವತ್ತಮೂರು, ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಫೋಟೋ ನೋಡಿದೆ. ಮನಸ್ಸಿಗೆ ಬಂತು. ಇದೊಂದು ಆಗಲಪ್ಪ ಎಂದು ಮೊದಲ ಸಲ ಬಾಯಿಬಿಟ್ಟು ದೇವರಿಗೆ ಹೇಳಿಕೊಂಡೆ. ಅಮ್ಮ, "ಇದೂ ಆಗ್ಲಿಲ್ಲ ಅಂದ್ರೆ ನಾನು ಇನ್ನು ಕೇಳಲ್ಲ ಕಣೋ, ನಂಗೂ ಸಾಕಾಗೈತೆ" ಅಂದಳು. ಅಮ್ಮ ಹಾಗೆ ಎಂದೂ ಅಂದವಳಲ್ಲ.

ನಾನು, ಅಮ್ಮ, ಮಾವ ಮೂವರೂ ಹೋದೆವು. ಹಾಲ್‌ನಲ್ಲಿ ಹುಡುಗಿಯ ಅಪ್ಪ, ಅಜ್ಜಿ. ಉಪ್ಪಿಟ್ಟು, ಕೇಸರಿಬಾತ್, ಕಾಫಿ ಎಲ್ಲ ಬಂತು. ಅಪ್ಪ ಮಿತಭಾಷಿ. ಮಾತೆಲ್ಲ ಅಜ್ಜಿಯದೇ.

"ಮುದ್ದೆ ತೊಳಸ್ತೀಯೇನಪ್ಪ?" ಎಂದು ನನ್ನನ್ನು ಕೇಳಿತು ಅಜ್ಜಿ.

ಹೆಣ್ಣು ನೋಡಲು ಹೋದವನಿಗೆ ರಾಗಿಮುದ್ದೆ ತಿರುವಲು ಬರುತ್ತಾ ಎಂಬ ಪ್ರಶ್ನೆ ಎದುರಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾನು ತಡವರಿಸಿದೆ.

"ಕಲ್ತಿರ್ತೀಯ ಬುಡು" ಅಂತು ಅಜ್ಜಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ತೃಪ್ತಿಯಿಂದ. "ಅನುಭವ ಇರೋ ಹುಡುಗ."

ಹುಡುಗಿ ಬಂದು ಕೂತಳು. ಕೈಯಲ್ಲಿ ಕಾಫಿ ತಟ್ಟೆ ಇರಲಿಲ್ಲ, ಒಂದು ಹಾಳೆ ಇತ್ತು. ನಮ್ಮ ಸಾಫ್ಟ್‌ವೇರ್ ಕಳಿಸಿದ್ದ ನನ್ನ ವಿವರ. ಅಷ್ಟರಲ್ಲಿ ಅಜ್ಜಿ ಗಂಟಲು ಸರಿಮಾಡಿಕೊಂಡು, ಮನೆಯವರೆಲ್ಲ ಕೇಳಬೇಕೆಂದು ಕಾದಿದ್ದದ್ದನ್ನು ಕೇಳಿತು.

"ಅಲ್ಲಪ್ಪ, ಮೊದಲ್ನೇವ್ಳು ಏನಾದ್ಲು?"

ಅಮ್ಮನ ಕೈಯಲ್ಲಿದ್ದ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಮಾವ ಎದ್ದು ಆ ಹಾಳೆ ತೆಗೆದುಕೊಂಡು ಉಕ್ತಲೇಖನದ ಧ್ವನಿಯಲ್ಲಿ ಓದಿದರು. "ವರನ ವಿವರ. ಎರಡನೇ ಸಂಬಂಧ."

ಅಮ್ಮ ನನ್ನ ಕಡೆ ತಿರುಗಿದಳು. ಯಡಿಯೂರಿನ ಹೆಂಗಸರು ಹೇಳಿದ ಧೈರ್ಯವೆಲ್ಲ ಅವಳಿಗೆ ಈಗ ಅರ್ಥವಾದ ಹಾಗಿತ್ತು. "ಏನ್ಲಾ ಇದು? ತುಮಕೂರಲ್ಲಿ ಒಬ್ನೇ ಇದೀನಿ ಒಬ್ನೇ ಇದೀನಿ ಅಂತ... ನಂಗೊಂದ್ ಮಾತು ಹೇಳ್ದೆ?"

"ಅಮ್ಮ, ನಾನು ಯಾರನ್ನೂ ಮದುವೆ ಆಗಿಲ್ಲ."

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಳಿಯ" ಅಂದರು ಮಾವ ಗಂಭೀರವಾಗಿ.

"ಅದನ್ನ ಬರೆದೋನು ನಾನೇ ಮಾವ."

"ಅದಕ್ಕೇ ಹೇಳ್ತಿರೋದು. ನಿನ್ನ ವಿಷಯ ನಿಂಗೆ ಗೊತ್ತಿಲ್ದೆ ಇರುತ್ತಾ?"

ನನ್ನ ಕಣ್ಣೆದುರೇ ಸಂಬಂಧ ಜಾರಿಹೋಗುತ್ತಿತ್ತು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗ ಹುಡುಗಿ ಮೊದಲ ಸಲ ಮಾತಾಡಿದಳು, ನನ್ನನ್ನೇ ನೋಡಿಕೊಂಡು.

"ಮದುವೆ ಆಗಿತ್ತೇ ಅನ್ನೋ ಕಡೆ ಏನಂತ ತುಂಬಿದ್ರಿ?"

"ಇಲ್ಲ ಅಂತ."

"ಅಕ್ಷರದಲ್ಲಾ?"

"ಅಕ್ಷರದಲ್ಲೇ."

"ಪ್ರೋಗ್ರಾಮಲ್ಲಿ ಏನಂತ ನೋಡಿದ್ರಿ? ಡಬ್ಬಿ ಒಳಗೆ ಏನಿದೆ ಅಂತ ಓದ್ಸಿದ್ರಾ, ಇಲ್ಲಾ ಏನಾದ್ರೂ ಇದೆಯಾ ಅಂತ ಅಷ್ಟೇ ನೋಡಿದ್ರಾ?"

ಏನಾದರೂ ಇದೆಯಾ ಅಂತ ಅಷ್ಟೇ ನೋಡಿದ್ದೆ, ಹಾಗಂತ ಒಪ್ಪಿಕೊಂಡೆ. ಇದ್ದರೆ ಎರಡನೇ ಸಂಬಂಧ, ಖಾಲಿ ಇದ್ದರೆ ಮೊದಲ ಸಂಬಂಧ.

ಹುಡುಗಿ ಎದ್ದು ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದಳು. ಒಂದು ಚೀಟಿಯಲ್ಲಿ "ಏನೂ ಇಲ್ಲ" ಎಂದು ಬರೆದು, ಸುತ್ತಿ, ಅದರೊಳಗೆ ಹಾಕಿ ಮುಚ್ಚಿ ಅಜ್ಜಿಯ ಕೈಗೆ ಕೊಟ್ಟಳು. "ಅಲ್ಲಾಡ್ಸು ಅಜ್ಜಿ. ಒಳಗೆ ಏನಾದ್ರೂ ಐತಾ?"

ಅಜ್ಜಿ ಕಿವಿ ಹತ್ತಿರ ಇಟ್ಟುಕೊಂಡು ಅಲ್ಲಾಡಿಸಿತು. "ಐತೆ. ಸದ್ದು ಬತ್ತೈತೆ."

"ಇವರ ಕಂಪ್ಯೂಟ್ರೂ ಅಷ್ಟೇ ಮಾಡಿದ್ದು. ಚೀಟಿ ಓದ್ಲಿಲ್ಲ, ಅಲ್ಲಾಡ್ಸಿ ನೋಡ್ತು. ಇಲ್ಲ ಅಂತ ಬರೆದೋರಿಗೆಲ್ಲ ಐತೆ ಅಂತು. ಆ ಡಬ್ಬಿ ಹೌದು-ಇಲ್ಲದ್ದು ಅಂತ ಮೊದಲೇ ಬರೆಸ್ಕೊಳ್ಳೋ ಭಾಷೇಲಿ ಬರೆದಿದ್ರೆ, ಇವರು ಅದ್ರೊಳಗೆ ಚೀಟಿ ಹಾಕೋಕೇ ಆಗ್ತಿರ್ಲಿಲ್ಲ. ಓಡೋಕೆ ಮುಂಚೆನೇ ತಡೀತಿತ್ತು."

ಮಾವ ನಂಬಲಿಲ್ಲ. ಫೋನಿನಲ್ಲಿ ಕೇಂದ್ರದ ಪುಟ ತೆರೆದು, ನನ್ನ "ಇಲ್ಲ, ಖಂಡಿತವಾಗಿಯೂ ಇಲ್ಲ" ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿದರು. ಡಬ್ಬಿ ಖಾಲಿಯಾಯಿತು. ಹೊಸ ಹಾಳೆ ತರಿಸಿ ನೋಡಿದರೆ ನಾನು ಮೊದಲ ಸಂಬಂಧದವನಾಗಿದ್ದೆ. ಆಮೇಲೆ ಅವರಿಗೆ ಇನ್ನೇನೋ ನೆನಪಾಯಿತು. ನಿಜವಾಗಿಯೂ ಎರಡು ಸಲ ಮದುವೆಯಾಗಿ, ಸಂಕೋಚದಿಂದ ಆ ಡಬ್ಬಿಯನ್ನು ಖಾಲಿ ಬಿಟ್ಟಿದ್ದವರೊಬ್ಬರ ಹಾಳೆ ತೆರೆದರು. ಮೊದಲ ಸಂಬಂಧ. ಮಾವ ಫೋನ್ ಜೇಬಿಗಿಟ್ಟು ಕನ್ನಡಕ ಒರೆಸತೊಡಗಿದರು. ಸಂಘದ ಸಭೆಯ ಭಾಷಣ ನೆನಪಾಗಿರಬೇಕು.

ಅಮ್ಮ ಅಳುವುದನ್ನು ನಿಲ್ಲಿಸಿ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ನನಗೆ ಅದಕ್ಕಿಂತ ಹಿತವಾದದ್ದು ಆ ದಿನ ಬೇರೆ ಇರಲಿಲ್ಲ.

ನಾನು ಧೈರ್ಯ ಮಾಡಿ ಹುಡುಗಿಯನ್ನು ಕೇಳಿದೆ, ಎರಡನೇ ಸಂಬಂಧ ಅಂತ ಗೊತ್ತಿದ್ದೂ ಯಾಕೆ ಒಪ್ಪಿಕೊಂಡಿರಿ ಅಂತ.

"ಆ ಕೇಂದ್ರದಿಂದ ಒಂಬತ್ತು ಹುಡುಗರ ಹಾಳೆ ಬಂದಿತ್ತು. ಒಂಬತ್ತೂ ಎರಡನೇ ಸಂಬಂಧ. ಗುಬ್ಬಿ ಅಷ್ಟೊಂದು ಕೆಟ್ಟಿಲ್ಲ ಅಂತ ನಂಗೆ ಗೊತ್ತು. ಇದನ್ನ ಬರೆದೋರು ನೀವೇ ಅಂತ ನಿಮ್ಮ ಮಾವ ಫೋನಲ್ಲಿ ಹೇಳಿದ್ರಂತೆ, ಒಂದ್ಸಲ ನೋಡ್ಬೇಕು ಅನ್ನಿಸ್ತು."

"ನೋಡಿದ್ರಲ್ಲ" ಅಂದೆ.

"ನೋಡಿದೆ. ಪೂರ್ತಿ ಸಾಫ್ಟ್‌ವೇರನ್ನ ಡಬ್ಬಿ ಮೇಲೆ ಟೈಪ್ ಮೊದಲೇ ಬರೆಯೋ ಭಾಷೇಲಿ ಹೊಸದಾಗಿ ಬರೀಬೇಕು. ನಾನು ನೋಡಿ ಸರಿ ಇದೆ ಅಂದ್ಮೇಲೆ ಮುಂದಿನ ಮಾತು."

"ಮದುವೆ ಆದ್ಮೇಲೆ ನಿಧಾನವಾಗಿ..."

"ಮುಂಚೆ" ಅಂದಳು. "ವಿಷಯಾನೇ ಅದಲ್ವಾ?"

ಮೂರು ವಾರ ಕೂತು ಬರೆದೆ. ಮೊದಲ ದಿನವೇ ಯಂತ್ರ ಒಂದು ಸಲವೂ ಓಡದೆ ಎರಡು ಪುಟ ತಪ್ಪು ತೋರಿಸಿತು. ಮಾವ ಎತ್ತರದಲ್ಲಿ ಕುಟ್ಟುವ ವಾಕ್ಯಕ್ಕೆ ಇನ್ನು ಜಾಗವಿಲ್ಲ ಅಂತು, ಉಗಾದಿಯ ಲೆಕ್ಕ ತಪ್ಪು ಅಂತು, ಮದುವೆಯ ಡಬ್ಬಿ ತಪ್ಪು ಅಂತು. ಒಂದೊಂದೂ ನಿಜ. ನಾಚಿಕೆಯಾಯಿತು, ಹಾಗೇ ಎದೆ ಹಗುರವೂ ಆಯಿತು. ಶಿರಾ ಗೇಟ್‌ನ ಟೈಲರಮ್ಮನಿಗೆ ಹೋಗಿ, ನಿಮ್ಮ ಮಾತೇ ಸರಿ ಎಂದು ಹೇಳಿ ಬಂದೆ. ಆದರೆ ಇದೆಲ್ಲ ಆಮೇಲಿನದು.

ಆ ದಿನ ಬೆಳ್ಳಾವಿಯಲ್ಲಿ ಹುಡುಗಿಯ ಅಪ್ಪನ ಮುಖ ಅರಳಿತ್ತು, ಅಮ್ಮ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದಳು, ಮಾವ ಪಂಚಾಂಗ ಇದೆಯಾ ಎಂದು ವಿಚಾರಿಸಿದರು. ಅಜ್ಜಿಯೊಂದೇ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಕಾಗಿ ಕೂತಿತ್ತು.

"ಯಾಕಜ್ಜಿ, ಒಪ್ಗೆ ಇಲ್ವಾ?" ಅಂತ ಮಾವ ಕೇಳಿದರು.

"ಒಪ್ಗೆ ಏನೋ ಐತೆ" ಅಂತು ಅಜ್ಜಿ. "ಎರಡನೇ ಸಂಬಂಧ ಅಂದ್ರಲ್ಲ, ಆ ಮೊದಲ್ನೇವ್ಳು ಇವ್ನಿಗೆ ಮುದ್ದೆ ತೊಳ್ಸೋದು, ಬಟ್ಟೆ ಒಗೆಯೋದು, ಹೇಳ್ದಂಗೆ ಕೇಳೋದು ಎಲ್ಲಾ ಕಲ್ಸಿ ಕಳ್ಸವ್ಳೆ ಅಂದ್ಕೊಂಡಿದ್ದೆ." ಅಜ್ಜಿ ಒಂದು ಸಲ ನನ್ನನ್ನು ನೋಡಿ, ಆಮೇಲೆ ಮೊಮ್ಮಗಳ ಕೈ ಹಿಡಿದುಕೊಂಡಿತು. "ಈಗ ನೋಡಿದ್ರೆ ಇವ್ನಿಗೆ ಏನೂ ಬರಾಕಿಲ್ಲ. ಎಲ್ಲಾ ನೀನೇ ಮೊದಲಿಂದ ಕಲಿಸ್ಬೇಕಲ್ಲೇ, ಮಗಳೇ."